ಹಾಗಲಕಾಯಿ ಪಲ್ಯ ಮತ್ತು ಐದೂವರೆಯ ಡಬ್ಬಿ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕಾಮನಬಿಲ್ಲು ಇದೆ. ಸೊಸೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ನಾಲ್ಕು ಮೂಲೆಗೂ ಮ್ಯಾಗ್ನೆಟ್ ಇಟ್ಟು ನಿಲ್ಲಿಸಿದ್ದಾಳೆ. ಏಳು ಬಣ್ಣಕ್ಕೆ ಏಳು ತರಕಾರಿ. ಕೆಳಗೆ ಎರಡು ಸಾಲು, ಒಂದು ಎಂಟು ವರ್ಷದ ಮೊಮ್ಮಗಳಿಗೆ, ಇನ್ನೊಂದು ಐದು ವರ್ಷದ ಮೊಮ್ಮಗನಿಗೆ. ರಾತ್ರಿ ಊಟದಲ್ಲಿ ಯಾವ ಬಣ್ಣ ಹೊಟ್ಟೆಗೆ ಹೋಯಿತೋ ಅದರ ಕೆಳಗೆ ಒಂದು ಸ್ಟಾರ್. ನೀಲಿಗೆ ಯಾವ ತರಕಾರಿ ಎಂದು ಕೇಳಿದೆ.

"ಬ್ಲೂಬೆರಿ, ಅಮ್ಮ."

"ನಮ್ಮ ಅಗ್ರಹಾರದ ತಳ್ಳುಗಾಡಿಯವನ ಹತ್ರ ಬ್ಲೂಬೆರಿ ಕೇಳಿ ನೋಡು ಕಣಮ್ಮ. ಗಾಡಿ ಬಿಟ್ಟು ಓಡಿಹೋಗ್ತಾನೆ."

ಅವಳು ನಗಲಿಲ್ಲ. ಈಗಿನ ಕಾಲದ ತಾಯಂದಿರು ಪೌಷ್ಟಿಕಾಂಶದ ವಿಷಯದಲ್ಲಿ ನಗುವುದಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ದೇವರ ವಿಷಯದಲ್ಲೂ ಇಷ್ಟು ಸೀರಿಯಸ್ ಆಗಿರುತ್ತಿರಲಿಲ್ಲ.

ಎರಡು ತಿಂಗಳಾದರೂ ಆ ಚಾರ್ಟು ಮೋಡ ಕವಿದ ಆಕಾಶದಂತೆಯೇ ಇತ್ತು. ಹುಡುಗನ ಸಾಲಿನಲ್ಲಿದ್ದ ಒಂದೇ ಒಂದು ಸ್ಟಾರು ಟೊಮೆಟೊ ಸಾಸಿಗೆ ಸಿಕ್ಕಿದ್ದು. ಅದನ್ನು ಕೆಂಪು ತರಕಾರಿ ಎಂದು ಪಾಸು ಮಾಡಿದವನು ನನ್ನ ಮಗ.

ಸೊಸೆ ಕಾಲೇಜಿನಲ್ಲಿ ಪಾಠ ಹೇಳಿ ಮನೆ ಸೇರುವ ಹೊತ್ತಿಗೆ ಏಳು ಗಂಟೆ. ಆದ್ದರಿಂದ ರಾತ್ರಿಯ ಅಡುಗೆ ನನ್ನದು. ಬೆಳಗಿನ ಅಡುಗೆಮನೆ ಅವಳದು, ಟಿವಿ ಮಗನದು, ಹಾಲ್ ಮಕ್ಕಳ ಸೈಕಲ್ಲುಗಳದು. ಸಂಜೆ ಐದೂವರೆಯಿಂದ ಎಂಟರವರೆಗಿನ ಆ ಒಲೆಯೊಂದೇ ಈ ಮನೆಯಲ್ಲಿ ನನ್ನದೆಂದು ಉಳಿದದ್ದು. ಅಲ್ಲಿ ನಾನು ಹೈಸ್ಕೂಲಿನ ಡೊಮೆಸ್ಟಿಕ್ ಸೈನ್ಸ್ ಕ್ಲಾಸಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ವೈಟ್ ಸಾಸ್ ಕಲಸಿ ಬೇಕ್ಡ್ ವೆಜಿಟಬಲ್ಸ್ ಮಾಡಿದೆ. ಒಂದೇ ಒಂದು ಗಂಟಿಲ್ಲದ ಸಾಸ್. ಇದಕ್ಕೆ ನನಗೆ ಒಮ್ಮೆ ಪ್ರೈಜ್ ಬಂದಿತ್ತು. ಮೊಮ್ಮಗ ಚಮಚದಿಂದ ತಿವಿದು, "ಅಜ್ಜಿ, ಇದು ಗೋಡೆಗೆ ಹೊಡೆಯೋದಾ?" ಎಂದ. ಬೀಟ್‌ರೂಟ್ ಅರೆದು ಚಪಾತಿ ಹಿಟ್ಟಿಗೆ ಸೇರಿಸಿದೆ. ಮೊಮ್ಮಗಳು ಚಪಾತಿಯನ್ನು ಬೆಳಕಿಗೆ ಹಿಡಿದು, ಸುಂಕದ ಚೌಕಿಯವರ ಹಾಗೆ ನೋಡಿ, ತಟ್ಟೆಗೆ ವಾಪಸು ಇಟ್ಟಳು.

"ನನ್ನ ಮಕ್ಕಳು ಹೀಗಿರಲಿಲ್ಲಪ್ಪ, ಹಾಕಿದ್ದನ್ನೆಲ್ಲ ತಿಂತಿದ್ವು" ಎಂದು ನಾನು ದೊಡ್ಡ ದನಿಯಲ್ಲಿ ಹೇಳಿದಾಗ ನಲವತ್ತಾರು ವರ್ಷದ ನನ್ನ ಮಗ ಎದುರಿಗೇ ಕೂತು, ಹುಳಿಯಲ್ಲಿದ್ದ ಈರನಗೆರೆ ಬದನೆಕಾಯಿ ಹೋಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ.

ಸೊಸೆ ಅದನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ತುಂಬ ಮೆತ್ತಗೆ ಹೇಳಿದಳು: "ಅಮ್ಮ, ಈ ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಒಂದನೇ ತಾರೀಖಿಂದ ಮಕ್ಕಳಿಗೆ ಡಿನ್ನರ್ ಬಾಕ್ಸ್ ತರಿಸ್ತೀನಿ. ನಮ್ಮ ಕೊಲೀಗ್ ಮನೆಗೆ ಬರುತ್ತೆ, ನ್ಯೂಟ್ರಿಷನಿಸ್ಟ್ ಒಬ್ರು ಮಾಡ್ತಾರೆ. ನೀವೂ ರೆಸ್ಟ್ ತಗೊಳ್ಳಿ."

ರೆಸ್ಟ್! ಕಾನ್ವೆಂಟಿನ ಹಿಂದೆ ಸಿಸ್ಟರುಗಳ ಸಮಾಧಿಗಳಿದ್ದವು. ಕಲ್ಲಿನ ಮೇಲೆ ಆ ಪದವನ್ನು ನಾನು ಆರನೇ ವಯಸ್ಸಿನಲ್ಲೇ ಓದಿದ್ದೇನೆ. ಅದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾರನೇ ಬೆಳಿಗ್ಗೆ ಕೆಸರೆಯಿಂದ ಸೊಪ್ಪು ತರುವ ಹೆಂಗಸು ಜಗಲಿಯಲ್ಲಿ ಪುಟ್ಟಿ ಇಳಿಸಿ ನನ್ನ ಗೋಳು ಕೇಳಿದಳು. ಕೇಳಿ ನಕ್ಕಳು.

"ಅಲ್ಲ ಕಣ್ರವ್ವಾ, ಸೊಪ್ಪು ಏನ್ ಮಾಡೀತು ಪಾಪ? ಮೊದ್ಲು ಅವುಕ್ಕೆ ಒಟ್ಟೆ ಅಸಿಯೋಕ್ ಬುಡಿ. ನಮ್ಮನೇಲಿ ಉಪ್ಸಾರು ಒಲೆ ಮ್ಯಾಲಿದ್ದಂಗೇ ಬಂದು ತಟ್ಟೆ ಬಡೀತಾವೆ."

"ನಿಮ್ಮ ಮಕ್ಕಳ ವಿಷಯ ಬೇರೆಯಮ್ಮ" ಎಂದು ಇಂಗ್ಲಿಷ್ ಓದಿದವಳ ಠೀವಿಯಲ್ಲಿ ಹೇಳಿ ಎರಡು ಕಟ್ಟು ದಂಟು ಕೊಂಡೆ. ಅದನ್ನೂ ರಾತ್ರಿ ಯಾರೂ ತಿನ್ನಲಿಲ್ಲ.

ಇಲ್ಲಿ ಒಂದು ಡಬ್ಬಿಯ ವಿಷಯ ಹೇಳಬೇಕು. ನನ್ನ ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಟಿನ್ ಇದೆ, ಮುಚ್ಚಳದ ಮೇಲೆ ಕುದುರೆಗಾಡಿಯ ಚಿತ್ರ. ದಿನಾ ಐದೂವರೆಗೆ, ನಾನು ಅಡುಗೆಮನೆಗೆ ಹೋಗುವ ಮುಂಚೆ, ಮಕ್ಕಳಿಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಬರುತ್ತವೆ. ಬೇಕರಿಯ ಬೆಣ್ಣೆ ಬಿಸ್ಕತ್ತು, ಖಾರ ಬನ್ನು, ಕೊಡುಬಳೆ. ಅಮ್ಮನಿಗೆ ಹೇಳಬಾರದು ಎಂದು ಒಪ್ಪಂದ. ಅದಕ್ಕೂ ರಾತ್ರಿಯ ತರಕಾರಿಗೂ ಏನು ಸಂಬಂಧ? ಅದು ಬೇರೆ ಡಿಪಾರ್ಟ್‌ಮೆಂಟು ಎಂದುಕೊಂಡಿದ್ದೆ.

ಆ ತಿಂಗಳ ಕೊನೆಯ ವಾರ ನಮ್ಮ ಯಜಮಾನರ ತಿಥಿ ಬಂತು. ತಿಥಿಯ ಅಡುಗೆಗೆ ಇಂಗ್ಲಿಷ್ ತರಕಾರಿ ಆಗದು. ಕ್ಯಾರೆಟ್ಟು, ಬೀನ್ಸು, ಕೋಸು, ಟೊಮೆಟೊ, ಎಲ್ಲಕ್ಕೂ ಅಂದು ಹೊಸಿಲ ಹೊರಗೇ ನಿಲ್ಲುವ ಶಿಕ್ಷೆ; ಸೊಸೆಯ ಕಾಮನಬಿಲ್ಲಿನಲ್ಲಿ ಉಳಿದದ್ದು ಹಸಿರೊಂದೇ. ಬೇಕರಿಯ ತಿನಿಸೂ ಮಡಿಗೆ ಆಗದೆಂದು ಹಿಂದಿನ ದಿನ ಬೆಳಿಗ್ಗೆಯೇ ನಾನು ಆ ಟಿನ್ನನ್ನು ಮಹಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಂದು ಒಲೆ ಏರಿದ್ದು ಬಾಳೆಕಾಯಿ, ಗೋರಿಕಾಯಿ, ಸುವರ್ಣಗೆಡ್ಡೆ, ಹಾಗಲಕಾಯಿ. ನಮ್ಮವರು ಬದುಕಿದ್ದಾಗ ಹಾಗಲಕಾಯಿ ಕಂಡರೆ ಎಲೆ ಬಿಟ್ಟು ಏಳುತ್ತಿದ್ದರು. ಈಗ ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಅದನ್ನೇ ಬಡಿಸುತ್ತೇವೆ. ಎದ್ದು ಹೋಗುವ ಸೌಕರ್ಯ ಅವರಿಗಿಲ್ಲ.

ಬ್ರಾಹ್ಮಣರ ಊಟವಾಗುವವರೆಗೆ ಮನೆಯವರು ತಿನ್ನುವಂತಿಲ್ಲ. ಮಕ್ಕಳಿಗೆ ಬೆಳಿಗ್ಗೆ ಹಾಲು, ಒಂದೊಂದು ಬಾಳೆಹಣ್ಣು ಕೊಟ್ಟಿದ್ದಷ್ಟೆ. ಒಂದು ಗಂಟೆಯ ಹೊತ್ತಿಗೆ ಮೊಮ್ಮಗಳು ಬಂದು, "ಅಜ್ಜಿ, ತಾತಂಗೆ ಇಷ್ಟು ಹೊತ್ತಾದ್ರೂ ಹಸಿವಾಗಲ್ವಾ?" ಎಂದಳು. ಎರಡೂವರೆಗೆ ಎಲೆ ಹಾಕಿದಾಗ ಇಬ್ಬರೂ ಉಪ್ಪು ಬಡಿಸುವ ಮೊದಲೇ ಕೂತಿದ್ದರು.

ಆಮೇಲೆ ನಡೆದದ್ದನ್ನು ಸೊಸೆ ಸೌಟು ಹಿಡಿದು ನಿಂತಲ್ಲೇ ನೋಡಿದಳು. ಹುಡುಗ ಗೋರಿಕಾಯಿ ಪಲ್ಯ ಮುಗಿಸಿದ. ಹುಡುಗಿ ಹಾಗಲಕಾಯಿ ಪಲ್ಯ ಮುಗಿಸಿ ಬೆರಳು ನೆಕ್ಕಿದಳು. "ಇನ್ನೂ ಹಾಕು" ಎಂದರು.

"ಅಮ್ಮ, ಏನ್ ಹಾಕಿದೀರಿ ಇದಕ್ಕೆ?" ಎಂದು ಸೊಸೆ ಪಿಸುಗುಟ್ಟಿದಳು.

"ಮೆಣಸು, ಜೀರಿಗೆ, ತೆಂಗಿನಕಾಯಿ."

ಮೊಮ್ಮಗ ತುಂಬಿದ ಬಾಯಲ್ಲೇ ಕೇಳಿದ, "ಸೂಪರ್ ಆಗಿದೆ. ಅಜ್ಜಿ, ನೆಕ್ಸ್ಟ್ ತಿಥಿ ಯಾರ್ದು?"

ಎಲ್ಲರೂ, ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಪುರೋಹಿತರೂ ಸೇರಿ, ನನ್ನನ್ನೇ ನೋಡಿದರು.

"ತಡಿಯೋ ಮರಿ" ಎಂದೆ. "ಇನ್ನೂ ಡೇಟ್ ಫಿಕ್ಸ್ ಆಗಿಲ್ಲ."

ಮಾರನೇ ದಿನ ಐದೂವರೆಗೆ ಇಬ್ಬರೂ ಮಾಮೂಲಿನಂತೆ ಬಂದರು. ನಾನು ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಲು ಹೊರಟವಳು ಮೂರನೇ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಕೆಸರೆಯವಳ ನಗು ಕಿವಿಯಲ್ಲಿ ಬಂತು. ಒಂದನೇ ತಾರೀಖಿಗೆ ನಾಲ್ಕೇ ದಿನ ಉಳಿದಿತ್ತು. ಡಬ್ಬಿ ತೆಗೆದರೆ ನಾನು ಮುದ್ದಿನ ಅಜ್ಜಿ, ಆದರೆ ಒಲೆ ಇಲ್ಲದ ಅಜ್ಜಿ.

"ಕೀ ಕಳೆದುಹೋಗಿದೆ ಕಣ್ರೋ" ಎಂದೆ.

"ಅಜ್ಜಿ," ಎಂದಳು ಮೊಮ್ಮಗಳು, "ಕೀ ನಿನ್ನ ಸೊಂಟದಲ್ಲೇ ಇದೆ."

ಹುಡುಗ ನೆಲದ ಮೇಲೆ ಮಲಗಿ ಕೈಕಾಲು ಬಡಿದ. ಹುಡುಗಿ ಅಳಲಿಲ್ಲ, ಮಾತು ಬಿಟ್ಟಳು. ಅದು ಇನ್ನೂ ಜೋರಾಗಿ ಕೇಳಿಸಿತು. ನಾನು ಅಡುಗೆಮನೆಗೆ ಹೋಗಿ ಬದನೆಕಾಯಿ ಹುಳಿಗೆ ಬೇಳೆ ಇಟ್ಟೆ, ಹುರುಳಿಕಾಯಿ ಸಣ್ಣಗೆ ಹೆಚ್ಚಿದೆ. ಬಹಳ ಹೊತ್ತು ಹೆಚ್ಚಿದೆ. ಇಷ್ಟು ವರ್ಷ ಆ ಮಕ್ಕಳು ನನ್ನ ಕೋಣೆಗೆ ಬರುತ್ತಿದ್ದುದು ನನಗಾಗಿಯೋ ಕೊಡುಬಳೆಗಾಗಿಯೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದಿರಲು ಹುರುಳಿಕಾಯಿ ಒಳ್ಳೆಯ ಸಹಾಯ.

ಏಳೂಕಾಲಿಗೆ ದೊಡ್ಡ ಬೇಸಿನ್ನಿನಲ್ಲಿ ಹುಳಿಯನ್ನ ಕಲಸಿ, ತುಪ್ಪ ಹಾಕಿ, ಇಬ್ಬರನ್ನೂ ಎದುರಿಗೆ ಕೂರಿಸಿ ಕೈತುತ್ತು ಹಾಕಿದೆ. ಪ್ರತಿ ತುತ್ತಿನ ಮೇಲೂ ಪಲ್ಯ. ನನ್ನ ಮುಖ ನೋಡದೆಯೇ ಕೈಯೊಡ್ಡಿದರು. ಆದರೆ ಒಡ್ಡಿದರು, ಬೇಸಿನ್ ಖಾಲಿಯಾಯಿತು. ಸೊಸೆ ಸಂಭ್ರಮದಿಂದ ಸ್ಟಾರುಗಳ ಹಾಳೆ ತರಲು ಎದ್ದಳು. ಆಗ ಹುಡುಗ ಬಾಯಿಬಿಟ್ಟ.

"ಅಮ್ಮ, ಅಜ್ಜಿ ದಿನಾ ಬನ್ನು ಕೊಡ್ತಿದ್ಳು, ನಿನ್ನೇನೂ ಕೊಡ್ಲಿಲ್ಲ, ಇವತ್ತೂ ಕೊಡ್ಲಿಲ್ಲ. ಅದಕ್ಕೇ ನಂಗೆ ಹಸಿವಾಗ್ಬಿಡ್ತು."

ಸೊಸೆ ತಿರುಗಿದಳು. "ದಿನಾನಾ, ಅಮ್ಮ?"

"ದಿನಾ ಅಂದ್ರೆ... ಭಾನುವಾರ ಬೇಕರಿ ಮಧ್ಯಾಹ್ನಾನೇ ಮುಚ್ಚುತ್ತೆ."

ನನ್ನ ಮಗ ನಕ್ಕ. "ಅಮ್ಮ, ಅದು ನಮ್ಮಜ್ಜಿ ಟಿನ್ನಲ್ವಾ? ನನಗೆ ಚಕ್ಕುಲಿ ಕೊಟ್ಟು ಊಟ ಕೆಡಿಸ್ತಾರೆ ಅಂತ ಅವ್ರ ಕೈಯಿಂದ ನೀನೇ ಕಿತ್ಕೊಂಡು ಇಟ್ಕೊಂಡಿದ್ದು?"

ಹೌದು. ನಾನೇ. ಆಗ ನನ್ನ ಅತ್ತೆ ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿದ್ದರು. ಅದನ್ನು ಇವನು ನೆನಪಿಟ್ಟುಕೊಂಡಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಬದನೆಕಾಯಿ ಆರಿಸುವವರ ಜ್ಞಾಪಕಶಕ್ತಿಯನ್ನು ನಂಬಬಾರದು.

ಸೊಸೆ ನನ್ನ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಫ್ರಿಜ್ಜಿನ ಹತ್ತಿರ ಹೋಗಿ, ಮಾರ್ಕರ್ ಪೆನ್ನಿನಿಂದ ಕಾಮನಬಿಲ್ಲಿನ ಕೆಳಗೆ ಮೂರನೇ ಸಾಲೊಂದನ್ನು ಎಳೆದಳು. ಅದರ ತಲೆಯಲ್ಲಿ 'ಅಜ್ಜಿ' ಎಂದು ಬರೆದಳು.

"ಡಬ್ಬಿ ತೆಗೆಯದ ದಿನಕ್ಕೆ ಒಂದು ಸ್ಟಾರ್" ಎಂದಳು. "ಆ ಡಿನ್ನರ್ ಬಾಕ್ಸ್‌ನವ್ರಿಗೆ ಬೇಡ ಅಂತ ನಾಳೆ ಫೋನ್ ಮಾಡ್ತೀನಿ."

ಕಾನ್ವೆಂಟಿನಲ್ಲಿ ಮೂರು ವರ್ಷ ಗುಡ್ ಕಾಂಡಕ್ಟ್ ಮೆಡಲ್ ಗೆದ್ದವಳು ನಾನು. ಈಗ ಎಪ್ಪತ್ತಾರನೇ ವಯಸ್ಸಿನಲ್ಲಿ ಫ್ರಿಜ್ಜಿನ ಮೇಲೆ ಸ್ಟಾರು ಸಂಪಾದಿಸುತ್ತಿದ್ದೇನೆ. ಸತತವಾಗಿ ಒಂಬತ್ತು ಸಿಕ್ಕಿದ್ದವು. ಕಳೆದ ಗುರುವಾರದ ಚೌಕ ಮಾತ್ರ ಖಾಲಿ. ಹುಡುಗ ಸೈಕಲ್ಲಿನಿಂದ ಬಿದ್ದು, ಮಂಡಿ ತರಚಿಕೊಂಡು, ನೇರವಾಗಿ ನನ್ನ ಕೋಣೆಗೇ ಬಂದಿದ್ದ. ಒಂದೇ ಒಂದು ಕೊಡುಬಳೆ. ರಾತ್ರಿ ಅವನು ಪಡವಲಕಾಯಿ ಕೂಟನ್ನು ತಟ್ಟೆಯ ಅಂಚಿಗೆ ತಳ್ಳಿದ ಕೂಡಲೇ ಸೊಸೆ ನನ್ನ ಕಡೆ ನೋಡಿದಳು. ನಾನು ಎದ್ದು ಹೋಗಿ ಬೀರುವಿನ ಬೀಗದ ಕೈಯನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟೆ.

ಅವಳು ಅದನ್ನು ಮುಟ್ಟಲಿಲ್ಲ. "ಇರ್ಲಿ ಅಮ್ಮ, ನಿಮ್ಮ ಹತ್ರಾನೇ ಇರ್ಲಿ" ಎಂದು ತನ್ನ ಕೂಟು ತಾನು ತಿಂದಳು.