ಬಾಂಬರಿನ ಮೂತಿಗೆ ಹಚ್ಚಿದ ಕುಂಕುಮ

ತೈಲದ ಬೆಲೆ ಬಿದ್ದ ವರ್ಷಗಳಲ್ಲಿ ಮಸ್ಕತ್‌ನಲ್ಲಿ ಮೊದಲು ನಿಂತದ್ದು ನಮ್ಮಂಥವರ ಕೆಲಸ. ಕಟ್ಟಡವೇ ಏಳುವುದಿಲ್ಲ ಎಂದ ಮೇಲೆ ಅದರ ಮಾದರಿ ಯಾರಿಗೆ ಬೇಕು? ಹೋಟೆಲು, ವಿಲ್ಲಾಗಳ ಪುಟ್ಟ ಮಾದರಿ ಮಾಡುವ ನಮ್ಮ ವರ್ಕ್‌ಶಾಪಿನಲ್ಲಿ ಕೊನೆಗೆ ಉಳಿದವರು ಇಬ್ಬರೇ: ಮಾದರಿ ಕಟ್ಟುವ ನಾನು ಮತ್ತು ಬಣ್ಣ ಹೊಡೆಯುವ ಮಂಗಳೂರಿನವರು. ಇಬ್ಬರಲ್ಲಿ ಒಬ್ಬರಿಗಷ್ಟೇ ಜಾಗ ಎಂದು ಮ್ಯಾನೇಜರು ಮುಖಕ್ಕೇ ಹೇಳಿದ್ದರು. ನನ್ನ ಗಂಡನ ಕೆಲಸ ಆಗಲೇ ಹೋಗಿತ್ತು. ನನ್ನದೂ ಹೋದರೆ ಮಗಳನ್ನು ಶಾಲೆ ಬಿಡಿಸಿ, ಅಲ್ ಹೈಲ್‌ನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಹೊರಡಬೇಕು.

ಆಗ ಬಂತು ಆ ವಿಚಿತ್ರ ಆರ್ಡರು. ಯುದ್ಧತಂತ್ರದ ಪಾಠ ಹೇಳುವ ನಿವೃತ್ತ ಸೇನಾಧಿಕಾರಿಯೊಬ್ಬರಿಗೆ ಚೀನಾದ ದೂರಗಾಮಿ ಬಾಂಬರಿನ ಮಾದರಿ ಬೇಕಿತ್ತು. ಅಂಗಡಿಯಲ್ಲಿ ಸಿಕ್ಕಿದ್ದು ಅದೇ ಬಾಂಬರಿನ ಹಳೆಯ ರೂಪದ, ಬಿಡಿಭಾಗ ಜೋಡಿಸುವ ಕಿಟ್. ಅವರು ಕೇಳಿದ್ದು ಸುಧಾರಿಸಿದ ಹೊಸ ರೂಪ. ಗಾಜಿನ ಮೂತಿ ಕತ್ತರಿಸಿ ರೇಡಾರಿನ ಮುಚ್ಚಿದ ಮೂತಿ ಕೂರಿಸಿದೆ. ಹೊಸ ಎಂಜಿನ್ನಿಗೆಂದು ಗಾಳಿ ಎಳೆಯುವ ಬಾಯಿ ಅಗಲಿಸಿದೆ. ಒಂದೊಂದು ರೆಕ್ಕೆಯಡಿ ಮೂರು ಮೂರು ಕ್ಷಿಪಣಿ ತೂಗುಹಾಕಿದೆ. ಬಣ್ಣವನ್ನೂ ನಾನೇ ಹೊಡೆದೆ. ಎಲ್ಲವೂ ಒಬ್ಬಳಿಂದಲೇ ಆಗುತ್ತದೆ ಎಂದು ತೋರಿಸುವ ಹಠ ನನಗೆ. ಭಾನುವಾರ ಒಪ್ಪಿಸಬೇಕಿತ್ತು. ಗುರುವಾರ ಮನೆಗೆ ತಂದು ಒಣಗಲು ಇಟ್ಟೆ.

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಬಾಂಬರಿನ ಮೂತಿಗೆ ರೂಪಾಯಿಯಗಲದ ಕುಂಕುಮ! ಎದುರಿಗೆ ಗಂಡ ಊದುಬತ್ತಿ ಹಿಡಿದು ನಿಂತಿದ್ದರು.

"ಏನ್ ಮಾಡೀರಿ ಇದನ್ನ?"

"ಇವತ್ತ ಆಯುಧ ಪೂಜಿ ಅಲ್ಲೇನ? ಮನ್ಯಾಗ ಆಯುಧ ಅಂತ ಇರೋದು ಇದೊಂದ. ನಿನ್ನ ಕೆಲಸ ಉಳೀಲಿ ಅಂತ ಹಚ್ಚೀನಿ."

"ಉಳೀತು ನೋಡ್ರಿ! ಎಣ್ಣಿ ಕಲಸಿ ಹಚ್ಚೀರಲ್ಲ, ತಲಿ ಐತೇನ ನಿಮಗ?"

ಒರೆಸಿದಷ್ಟೂ ಕೆಂಪು ಹರಡಿತು. ಮರಳು ಕಾಗದದಿಂದ ಉಜ್ಜಿದರೆ ಬಣ್ಣ ಕಿತ್ತು ಒಳಗೆ ಮೆತ್ತಿದ್ದ ಪುಟ್ಟಿ ಕಾಣಿಸಿತು. ಕೊನೆಗೆ ಮಾನ ಬಿಟ್ಟು ಆ ಮಂಗಳೂರಿನವರಿಗೇ ಫೋನು ಮಾಡಿದೆ. ಈ ಮಾದರಿ ಕೆಟ್ಟರೆ ಉಳಿಯುವವರು ಅವರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವರು ಒಂದು ಗಂಟೆಯಲ್ಲಿ ಸ್ಪ್ರೇ ಗನ್ ಹಿಡಿದು ಬಂದರು. "ಎಂತ ಮಾರಾಯ್ರೆ, ಬಾಂಬರಿಗೆ ಬೊಟ್ಟು ಇಟ್ಟದ್ದಾ!" ಎಂದು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ನೀವು ಸುಮ್ಮನೆ ಕೂತ್ಕೊಳ್ಳಿ. ಇದು ಹೋಗ್ತದೆ," ಎಂದರು. ಮಧ್ಯಾಹ್ನವಿಡೀ ಮೂತಿಯನ್ನು ನಾಜೂಕಾಗಿ ಕೆರೆದು, ಪದರ ಪದರವಾಗಿ ಬೂದು ಬಣ್ಣ ಕೂರಿಸಿದರು. ನನ್ನ ಗಂಡ ಕೊಟ್ಟ ಚುರುಮುರಿ ತಿಂದು ಹೋದರು. ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ನೆನಪಿಲ್ಲ.

ಭಾನುವಾರ ಸೇನಾಧಿಕಾರಿ ವರ್ಕ್‌ಶಾಪಿಗೇ ಬಂದರು. ಎಂಜಿನ್ನು, ಕ್ಷಿಪಣಿ ಎಲ್ಲವನ್ನೂ ಒಮ್ಮೆ ನೋಡಿ ತಲೆಯಾಡಿಸಿದರು. ಮೂತಿಯ ಮೇಲೆ ಬೆರಳಾಡಿಸಿದವರು ಅಲ್ಲೇ ನಿಂತುಬಿಟ್ಟರು. ಇಷ್ಟು ನಯವಾದ ಬಣ್ಣದ ಕೆಲಸ ಯಾರದ್ದು ಎಂದು ಕೇಳಿದರು.

ಮ್ಯಾನೇಜರು ನನ್ನತ್ತ ಕೈ ತೋರಿಸಿದರು. "ಎಲ್ಲ ಇವರದೇ. ಇನ್ನು ಬಣ್ಣಕ್ಕೂ ಬೇರೆಯವರು ಬೇಕಿಲ್ಲ."

ಮಂಗಳೂರಿನವರು ಪಕ್ಕದ ಮೇಜಿನಲ್ಲೇ ಸ್ಪ್ರೇ ಗನ್ ತೊಳೆಯುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ಈಗ ನಾನು ಏನೋ ಹೇಳುತ್ತೇನೆ ಎಂಬಂತೆ.

"ಹೌದು ಸರ್, ನನ್ನದೇ," ಎಂದೆ.