ಪೆಟ್ಟಿಗೆಯ ತಳ ಓದುತ್ತಿದ್ದ ಕಾಕಾ

ನಮ್ಮ ಕಾಕಾನ ಕತ್ತು ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ತಲೆಗಿಂತ ಮೇಲಿನ ಹಲಗೆಗಳಲ್ಲಿ ಜೋಡಿಸಿಟ್ಟ ಪೆಟ್ಟಿಗೆಗಳನ್ನು ಇಷ್ಟೇ ಇಷ್ಟು ಎತ್ತಿ, ಕತ್ತು ಹೊರಳಿಸಿ, ಅವುಗಳ ತಳವನ್ನು ಓದಿ ಓದಿ ಹಾಗಾದದ್ದು. ಎದುರಿಗೆ ಕೂತು ಮಾತಾಡುವವರಿಗೆ ಈ ಮನುಷ್ಯ ನಮ್ಮ ಗದ್ದದ ಕೆಳಗೆ ಏನೋ ಹುಡುಕುತ್ತಿದ್ದಾನೆ ಅನ್ನಿಸುತ್ತಿತ್ತು. ಸಾಬೂನು, ಬಿಸ್ಕತ್ತಿನ ಪೊಟ್ಟಣ, ಉಪ್ಪಿನಕಾಯಿ ಬಾಟಲಿ, ಕೈಗೆ ಏನೇ ಕೊಟ್ಟರೂ ಮೊದಲು ಬೋರಲು ಮಾಡುತ್ತಿದ್ದ. ಉಪ್ಪಿನಕಾಯಿಯ ಎಣ್ಣೆ ಅಂಗಿಯ ಮೇಲೆ ಇಳಿದಾಗ ಅವ್ವ ಬೈಯುತ್ತಿದ್ದಳು. ಕಾಕಾ ನಗುತ್ತಿದ್ದ. "ಮ್ಯಾಲಿನ ಮಾರಿ ಯಾರು ಬೇಕಾದ್ರೂ ಛಲೋ ಮಾಡ್ತಾರ ವೈನಿ. ತಳ ನೋಡಬೇಕು."

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹನುಮಸಾಗರದವನು. ಮದುವೆ ಮಾಡಿಕೊಳ್ಳಲಿಲ್ಲ. ಹದಿಹರೆಯ ದಾಟುತ್ತಿದ್ದಂತೆ ಯಲಬುರ್ಗಾದ ಒಬ್ಬ ಗೆಳೆಯನ ಜೊತೆ ಕೊಲ್ಲಿಯ ದೇಶಕ್ಕೆ ಹೋದ. ಊರವರೆಲ್ಲ ದುಬೈ ಅನ್ನುತ್ತಿದ್ದರು. ಅದು ದುಬೈ ಆಗಿರಲಿಲ್ಲ, ಆದರೆ ತಿದ್ದುವ ಉಸಾಬರಿಗೆ ಅವನು ಹೋಗಲಿಲ್ಲ. ಗೆಳೆಯ ಕಟ್ಟಡದ ಕೆಲಸಕ್ಕೆ ದೂರದ ಮರಳುಗಾಡಿಗೆ ಹೋದ. ಕಾಕಾನಿಗೆ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಸಿಗಾರ್ ಅಂಗಡಿಯಲ್ಲಿ ಹಮಾಲಿ ಸಿಕ್ಕಿತು. ಸಿಗಾರ್ ಅಂದರೆ ನಮ್ಮ ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ಬಂದು ನೆಲೆಸಿದ ತೆಲುಗು ರೈತ ಮುದುಕರು ಸೇದುವ ಚುಟ್ಟಾದ ಶ್ರೀಮಂತ ಅಣ್ಣ. ಕ್ಯೂಬಾ ದೇಶದಿಂದ ಮರದ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಅದನ್ನಿಡುವ ಕೋಣೆಯಲ್ಲಿ ಹಗಲೂ ರಾತ್ರಿ ತಂಪು, ಗಾಳಿಯಲ್ಲಿ ನೀರಿನ ಪಸೆ. "ನಮ್ಮ ಎರಿ ಹೊಲದಾಗ ಜ್ವಾಳಕ್ಕ ಸಿಗಲಾರದ ಹಸಿ ಅಲ್ಲಿ ಚುಟ್ಟಾಕ್ಕ ಸಿಗತಿತ್ತು ನೋಡವಾ," ಅನ್ನುತ್ತಿದ್ದ. ತಾನು ಒಂದು ದಿನವೂ ಸೇದಿದವನಲ್ಲ.

ಹೊತ್ತು ಹೊತ್ತು ಇಳಿಸುವ ಕೆಲಸದಿಂದ ಮೆಲ್ಲಗೆ ಓದುವ ಕೆಲಸಕ್ಕೆ ಬಂದ. ಪ್ರತಿ ಪೆಟ್ಟಿಗೆಯ ತಳದಲ್ಲೂ ಶಾಯಿಯ ಮುದ್ರೆ ಇರುತ್ತದಂತೆ. ಮೊದಲು ಮೂರು ಅಕ್ಷರ; ಅದು ಕಾರ್ಖಾನೆಯ ಗುಟ್ಟಿನ ಹೆಸರು. ಗಿರಾಕಿಗಳು ಇಂಥದೇ ಕಾರ್ಖಾನೆಯದು ಬೇಕೆಂದು ಹಟ ಹಿಡಿಯಬಾರದೆಂದು ಆ ಅಕ್ಷರಗಳನ್ನು ಆಗಾಗ ಬದಲಿಸುತ್ತಾರೆ. ಅದರ ಕೆಳಗೆ ತಿಂಗಳು, ಆಮೇಲೆ ವರ್ಷದ ಕೊನೆಯ ಎರಡು ಅಂಕಿ. ತಿಂಗಳ ಹೆಸರು ಸ್ಪ್ಯಾನಿಷ್ ಭಾಷೆಯಲ್ಲಿ. ಎನೆ ಅಂದರೆ ಜನವರಿ, ಆಗೊ ಅಂದರೆ ಆಗಸ್ಟ್, ದಿಕ್ ಅಂದರೆ ಡಿಸೆಂಬರ್. ಇನ್ನೂ ಹಳೆಯ ಪೆಟ್ಟಿಗೆಗಳಲ್ಲಿ ಅಂಕಿಗಳ ಬದಲಿಗೂ ಅಕ್ಷರಗಳೇ. ಇವನ್ನೆಲ್ಲ ಬಿಡಿಸಿ ಪೆಟ್ಟಿಗೆ ಎಲ್ಲಿಯದು, ಯಾವಾಗಿನದು, ಅಸಲಿಯೋ ನಕಲಿಯೋ ಹೇಳುವುದು ಅವನ ಕೆಲಸವಾಯಿತು.

ಒಂದು ಸಲ ಮಾಲೀಕನ ಅಳಿಯ ಅಗ್ಗದಲ್ಲಿ ಒಂದು ರಾಶಿ ಪೆಟ್ಟಿಗೆ ತಂದ. ಮೇಲಿನ ಚೀಟಿ, ಬಣ್ಣ, ವಾಸನೆ ಎಲ್ಲ ಸರಿ. ತಳದಲ್ಲಿ ಮಾತ್ರ ಆಗೊ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಆಗಸ್ಟಿನ ಮೂರಕ್ಷರ ಇತ್ತು. ಕಾಕಾ ತೋರಿಸಿದ. ಮಾಲೀಕ ನೋಡಿ, ಪೆಟ್ಟಿಗೆಯನ್ನು ಮತ್ತೆ ಸರಿಯಾಗಿ ಇಟ್ಟು, "ನೀನು ಇದನ್ನು ನೋಡಿಲ್ಲ," ಅಂದ. ಕಾಕಾ ಸುಮ್ಮನಾದ. ಆ ರಾಶಿ ಪೂರ್ತಿ ಮಾರಿಹೋಗುವ ತನಕ ದಿನಾ ಅದನ್ನು ಒರೆಸಿ ಒರೆಸಿ ಇಟ್ಟ. "ಅವತ್ತಿಂದ ಸಾಕಾತು," ಅಂತ ನನ್ನೆದುರು ಒಮ್ಮೆ ಹೇಳಿದ್ದ. ಮುಂದಿನ ಬೇಸಿಗೆಯಲ್ಲಿ ಬಿಟ್ಟು ಬಂದ. ಬಂದವನು ಕೊಪ್ಪಳದಲ್ಲಿ ನಮ್ಮ ಮನೆಯಲ್ಲೇ ಉಳಿದ. ನಾನಾಗ ಇಲ್ಲಿಯ ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ.

ಕಾಕಾ ಬಂದ ವರ್ಷವೇ ಯಲಬುರ್ಗಾದ ಗೆಳೆಯನ ಫೋನು ನಿಂತುಹೋಯಿತು. ಅವನ ಹೆಂಡತಿ ತಾಲೂಕು ಕಚೇರಿಯ ಹತ್ತಿರ ಸಣ್ಣ ಖಾನಾವಳಿ ನಡೆಸುತ್ತಿದ್ದಳು. ನಾನು ಅವಳನ್ನು ಖಾನಾವಳಿ ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಕಾಕಾ ತನಗೆ ಗೊತ್ತಿದ್ದ ನಂಬರುಗಳಿಗೆಲ್ಲ ಫೋನು ಮಾಡಿದ. ಆ ಕಂಪನಿ ಬಿಟ್ಟು ಓಡಿಹೋಗಿದ್ದಾನೆ ಅಂದರು ಕೆಲವರು, ಗೊತ್ತಿಲ್ಲ ಅಂದರು ಕೆಲವರು. ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದಳು. ಊಟಕ್ಕೆ ಬಂದ ಕಚೇರಿಯ ಜನ "ಸುದ್ದಿ ಏನಾರ ಬಂತೇನವಾ?" ಅಂತ ಕೇಳುವುದು, ಅವಳು "ಇಲ್ರಿ," ಅನ್ನುವುದು ವರ್ಷಗಟ್ಟಲೆ ನಡೆಯಿತು. ಕುಂಕುಮ ಇಡಬೇಕೋ ಬಿಡಬೇಕೋ ತಿಳಿಯದೆ ಬದುಕುವ ದಣಿವು ಅವಳ ಮುಖದಲ್ಲಿ ಕೂತಿತ್ತು.

ಆಮೇಲೊಂದು ದಿನ ಗೆಳೆಯನ ಟ್ರಂಕು ಬಂತು. ತಂದವನು ಗಂಗಾವತಿಯಲ್ಲಿ ಬೇಕರಿ ಇಟ್ಟಿರುವ ಮಲಯಾಳಿಯ ತಮ್ಮ. ಮೊದಲು ಅದೇ ಬೇಕರಿಯಲ್ಲಿ ಕೆಲಸ ಮಾಡಿ, ಆಮೇಲೆ ಕೊಲ್ಲಿಗೆ ಹೋಗಿ ಗೆಳೆಯನ ಕೋಣೆಯಲ್ಲೇ ಇದ್ದು, ರಜೆಯಲ್ಲಿ ಅಣ್ಣನನ್ನು ನೋಡಲು ಬಂದಿದ್ದ. ಕನ್ನಡ ಬರುತ್ತಿತ್ತು. ಫೋನು ನಿಂತ ವರ್ಷವೇ ನಿಮ್ಮ ಯಜಮಾನರು ನಿದ್ದೆಯಲ್ಲಿ ತೀರಿಹೋದರು, ಹೃದಯ ನಿಂತಿತು, ಅಲ್ಲೇ ಸಂಸ್ಕಾರ ಮಾಡಿದೆವು ಎಂದು ಹೇಳಿ ದಿನಾಂಕವನ್ನೂ ಕೊಟ್ಟು ಹೋದ.

ಅಕ್ಕ ನಮ್ಮನ್ನು ಕರೆಸಿದಳು. ಟ್ರಂಕಿನಲ್ಲಿ ಎರಡು ಅಂಗಿ, ಒಂದು ಲುಂಗಿ, ಮದುವೆಯ ಫೋಟೋ ಇಟ್ಟಿದ್ದ ಒಂದು ಸಿಗಾರ್ ಪೆಟ್ಟಿಗೆ. ಖಾಲಿ ಪೆಟ್ಟಿಗೆಗಳನ್ನು ಕಾಕಾ ಪರಿಚಯದವರಿಗೆಲ್ಲ ಕೊಡುತ್ತಿದ್ದದ್ದು ಅವಳಿಗೂ ಗೊತ್ತಿತ್ತು.

"ಇದು ನೀವ ಕೊಟ್ಟಿದ್ದಲ್ರಿ ಅಣ್ಣಾರ?"

ಕಾಕಾ ಪೆಟ್ಟಿಗೆಯನ್ನು ಎತ್ತಿದ. ಕತ್ತು ಹೊರಳಿಸಿ ತಳ ನೋಡಿದ. ಓದುವಾಗ ಅವನ ತುಟಿ ಅಲುಗುತ್ತಿತ್ತು. ಅವತ್ತು ಅಲುಗಿ ನಿಂತಿತು. ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಹೌದ್ ತಂಗಿ. ನಾನ ಕೊಟ್ಟಿದ್ದು."

ಅಕ್ಕ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ಇಷ್ಟು ವರ್ಷ ಹಿಡಿದಿಟ್ಟಿದ್ದನ್ನೆಲ್ಲ ಅತ್ತಳು. "ನನ್ನ ಬಿಟ್ಟ ಹೋಗಿರಲಿಲ್ಲರಿ, ಸತ್ತ ಹೋಗಿದ್ದ," ಅಂತ ಅದೊಂದೇ ಮಾತು. ಅದರಲ್ಲಿ ಸಮಾಧಾನವೂ ಇತ್ತು, ಕೇಳಲು ಕಷ್ಟವಾಗುತ್ತಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಕುಕನೂರು ದಾಟಿದ ಮೇಲೆ ಕಾಕಾ ಬಾಯಿಬಿಟ್ಟ. "ಆ ಡಬ್ಬಿ ನಾ ಕೊಟ್ಟಿದ್ದಲ್ಲವಾ. ನಾ ಆ ದೇಶ ಬಿಟ್ಟ ಬಂದು ಎರಡ ವರ್ಷಕ್ಕ ತಯಾರಾಗಿದ್ದು. ತಳದಾಗ ಐತಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಪೆಟ್ಟಿಗೆ ಗೆಳೆಯನ ಕೈಗೆ ಬರಬೇಕಾದರೆ, ಮಲಯಾಳಿ ಹೇಳಿದ ದಿನಾಂಕದ ಮೇಲೆ ಅವನು ಸುಮಾರು ಎರಡು ವರ್ಷವಾದರೂ ಬದುಕಿದ್ದಿರಬೇಕು. ಬದುಕಿದ್ದೂ ಫೋನು ಮಾಡಿರಲಿಲ್ಲ.

"ಮತ್ಯಾಕ ಹಂಗಂದಿ ಕಾಕಾ?"

"ಆಕಿ ಮಾರಿ ನೋಡಿದಿಲ್ಲ?" ಅಂದವನು ಕಿಟಕಿಯ ಕಡೆ ತಿರುಗಿದ.

ಅಲ್ಲಿಂದ ಕಾಕಾ ಸೊರಗಿದ. ಅವ್ವ ತಂದಿಟ್ಟ ಸಾಮಾನುಗಳನ್ನು ತಿರುವಿ ನೋಡುವುದನ್ನೇ ಬಿಟ್ಟ. ಯಲಬುರ್ಗಾಕ್ಕೆ ಹೋಗುವುದನ್ನೂ ಬಿಟ್ಟ. ಅಕ್ಕ ಫೋನು ಮಾಡಿದರೆ ಮಲಗಿದ್ದಾನೆಂದು ಹೇಳಿಸುತ್ತಿದ್ದ. ಹೀಗೇ ಒಂದು ವರ್ಷವಾಗುತ್ತ ಬಂತು. ಮಲಯಾಳಿ ಹೇಳಿದ್ದ ದಿನಾಂಕಕ್ಕೆ ಅವಳು ತಿಥಿ ಇಟ್ಟುಕೊಂಡಳು. ಅಣ್ಣನ ಸ್ಥಾನದಲ್ಲಿ ಕಾಕಾನೇ ಬಂದು ಕೂಡಬೇಕೆಂದು ಹೇಳಿಕಳಿಸಿದಳು. ಹಿಂದಿನ ದಿನ ಮಧ್ಯಾಹ್ನ ನಾನು ಕೆಲಸದಿಂದ ಬರುವಷ್ಟರಲ್ಲಿ ಕಾಕಾ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಡಿ ಯವ್ವಾ ಯಲಬುರ್ಗಾಕ್ಕ. ಬದುಕಿದ್ದ ದಿನಕ್ಕ ಅವನ ತಿಥಿ ಊಟ ಉಣ್ಣೂದು ನನ್ನಿಂದ ಆಗೂದಿಲ್ಲ."

ಖಾನಾವಳಿಯಲ್ಲಿ ಊಟದ ಹೊತ್ತು ಮುಗಿದಿತ್ತು. ಅಕ್ಕ ಮರುದಿನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಅವಳೆದುರು ನೆಲದ ಮೇಲೆ ಕೂತು, ಪೆಟ್ಟಿಗೆ ತರಿಸಿ, ಬೋರಲು ಮಾಡಿ, ಬೆರಳಿಟ್ಟು ತೋರಿಸಿದ. ಇದು ತಿಂಗಳು, ಇದು ವರ್ಷ. ಅಷ್ಟರಲ್ಲಿ ತಾನು ಊರಿಗೆ ಬಂದಾಗಿತ್ತು. ತಾನು ಕೊಟ್ಟಿದ್ದು ಅಂತ ಸುಳ್ಳು ಹೇಳಿದ್ದ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ತಲೆ ತಗ್ಗಿಸಿದ.

ಅಕ್ಕ ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟಳು. ಒಲೆ ಆರಿಸಿದಳು. ಕಾಕಾನ ಕಡೆ ತಿರುಗಿದಳು.

"ಒಂದ ವರ್ಷ ಅತ್ತೇನ್ರಿ ಅಣ್ಣಾರ. ಅಳಬೇಕಾದವನಿಗೆ ಅತ್ತೆನೋ, ಬೈಬೇಕಾದವನಿಗೆ ಅತ್ತೆನೋ, ನನಗ ಗೊತ್ತಾಗಬೇಕಿತ್ತಿಲ್ರಿ? ನನ್ನ ಗಂಡ ಅವ. ನಿಮಗ ಗೊತ್ತಿತ್ತು, ನನಗ ಗೊತ್ತಿರಲಿಲ್ಲ."

"ತಪ್ಪಾತು ತಂಗಿ."

"ಇವತ್ತ ಹೋಗ್ರಿ."

ನಾನು ಎದ್ದೆ. ಕಾಕಾ ಹೊರಗೆ ಬಂದ, ಆದರೆ ಹೋಗಲಿಲ್ಲ. ಖಾನಾವಳಿಯ ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟ. ಬಸ್ಸಿಗೆ ಹೊತ್ತಾಗುತ್ತದೆ ಅಂದೆ. "ಹೇಳಿ ಎದ್ದ ಹೋಗಾಕ ಬರೂದಿಲ್ಲ," ಅಂದ. ಒಳಗಿಂದ ಅಕ್ಕ ಪಾತ್ರೆಗಳನ್ನು ದಡಬಡ ಎಸೆಯುವ ಸದ್ದು, ಗಂಡನನ್ನು ಬಾಯಿಗೆ ಬಂದಂತೆ ಬೈಯುವ ಸದ್ದು, ಆಮೇಲೆ ಏನೂ ಇಲ್ಲ. ದಾರಿಯಲ್ಲಿ ಹೋಗುವವರು ಮಾತಾಡಿಸಿದರೆ ಕಾಕಾ ಬರೀ ತಲೆ ಅಲ್ಲಾಡಿಸಿದ. ಸಂಜೆಯಾಗಿ ದೀಪ ಹತ್ತಿದ ಮೇಲೆ ಅಕ್ಕ ಬಾಗಿಲಿಗೆ ಬಂದು, ಅವನನ್ನು ನೋಡಿ, ಒಳಗೆ ಹೋಗಿ ಎರಡು ಲೋಟ ನೀರು ತಂದಿಟ್ಟಳು. ಅದನ್ನು ಕುಡಿದು ಕೊನೆಯ ಬಸ್ಸು ಹಿಡಿದೆವು. ಮರುದಿನದ ತಿಥಿ ನಡೆಯಲಿಲ್ಲ.

ವಾರದೊಳಗೆ ಕಾಕಾ ಗಂಗಾವತಿಯ ಬೇಕರಿಗೆ ಹೋದ. ಟ್ರಂಕು ತಂದಿದ್ದ ತಮ್ಮ ವಾಪಸ್ ಕೊಲ್ಲಿಗೆ ಹೋಗಿಯಾಗಿತ್ತು. ಬೇಕರಿಯವನ ಹತ್ತಿರ ಎಲ್ಲ ಹೇಳಿ, ತಮ್ಮನಿಗೆ ಫೋನು ಹಚ್ಚಿಸಿ, ಅವನು ಮೊದಲು ತಡವರಿಸಿದಾಗ ಕಾಕಾ ಒಂದೇ ಮಾತು ಹೇಳಿದನಂತೆ: "ನನಗ ಹೇಳಬ್ಯಾಡ. ಆ ಹೆಣ್ಣಮಗಳಿಗೆ ಹೇಳು." ಶುಕ್ರವಾರ, ಅಲ್ಲಿಯ ರಜೆಯ ದಿನ, ನಾವು ಯಲಬುರ್ಗಾದಲ್ಲಿ ಅಕ್ಕನ ಎದುರು ಕೂತು ಫೋನನ್ನು ಅವಳ ಕೈಗೆ ಕೊಟ್ಟೆವು. ಸ್ಪೀಕರಿನಲ್ಲಿ ಇಟ್ಟಿದ್ದರಿಂದ ನಮಗೂ ಕೇಳುತ್ತಿತ್ತು.

ಅವನು ಹೇಳಿದ್ದು ಇಷ್ಟು. ಪಾಸ್‌ಪೋರ್ಟು ಕಂಪನಿಯವರ ಹತ್ತಿರವೇ ಉಳಿದಿತ್ತು. ಊರಿಗೆ ಬಿಡಲಿಲ್ಲವೆಂದು ನಿಮ್ಮ ಯಜಮಾನರು ಅಲ್ಲಿಂದ ತಪ್ಪಿಸಿಕೊಂಡು ಖರ್ಜೂರದ ತೋಟವೊಂದರಲ್ಲಿ ಕಾವಲಿಗೆ ನಿಂತರು. ಮಲಗಲು ನಮ್ಮ ಕೋಣೆಗೆ ಬರುತ್ತಿದ್ದರು. ಬೇರೆ ಸಂಸಾರ ಏನೂ ಇರಲಿಲ್ಲ ಅಕ್ಕಾ. ಪೆಟ್ಟಿಗೆ ನಮ್ಮ ಕೋಣೆಯ ಒಬ್ಬ ಹೋಟೆಲಿನಿಂದ ತಂದುಕೊಟ್ಟದ್ದು. ಫೋನು ಮಾಡಿ ಅಂತ ನಾವೇ ಎಷ್ಟೋ ಸಲ ಹೇಳಿದೆವು.

"ಏನಂತಿದ್ರು?" ಅಕ್ಕ ಕೇಳಿದಳು.

"ಫೋನ್ ಮಾಡಿದ್ರೆ ಯಾವಾಗ ಬರ್ತೀರಿ ಅಂತಾಳೆ, ನನ್ ಹತ್ರ ಉತ್ತರ ಇಲ್ಲ, ಟಿಕೆಟ್ ಕೈಗೆ ಬಂದ ದಿನ ಮಾಡ್ತೀನಿ ಅಂತಿದ್ರು. ನಿದ್ದೆಯಲ್ಲಿ ಹೋದದ್ದು ನಿಜ ಅಕ್ಕಾ. ವರ್ಷ ಮಾತ್ರ ಸುಳ್ಳು ಹೇಳಿದೆ. ಅಷ್ಟು ದಿನ ಯಾಕೆ ಸುಮ್ಮನಿದ್ರು ಅಂತ ನಿಮಗೆ ನೋವಾಗ್ತದೆ ಅಂತ."

ಅವನು ನಿಜವಾದ ದಿನ ಹೇಳಿದ. ಅಕ್ಕ ಅದನ್ನು ಎರಡು ಸಲ ಹೇಳಿಸಿಕೊಂಡಳು. ಫೋನು ಕಾಕಾನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: "ಬರಾಕ ಆಗವಲ್ತು ಅಂತ ಒಂದ ಮಾತ ಅಂದಿದ್ರ ನಾ ಏನ ಹೊಡೀತಿದ್ನೇನ್ರಿ ಅಣ್ಣಾರ? ಯಾವಾಗ ಬರ್ತೀರಿ ಅನ್ನೂದ ಬಿಡ್ತಿದ್ದೆ. ಉಂಡ್ರೇನ, ಛಲೋ ಅದೀರೇನ ಅಂತ ಕೇಳ್ತಿದ್ದೆ."

ಕಾಕಾನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಆ ಒಂದೇ ಸಲ. ಅಕ್ಕ ಎದ್ದು ತಟ್ಟೆ ಹಾಕಿದಳು. ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ಮೂರೂ ಜನ ಒಟ್ಟಿಗೆ ಉಂಡೆವು. ಬರುವಾಗ ಬಸ್ಸಿನಲ್ಲಿ ಕಾಕಾ ನನಗೆ ಹೇಳಿದ ಮಾತು ಇದು: "ತಳ ನೋಡಿದ ಮ್ಯಾಲೆ ಸುಮ್ನಿರಬಾರ್ದವಾ. ಸುಮ್ನ ಇರೂದಿತ್ತಂದ್ರ ನೋಡಾಕ ಹೋಗಬಾರ್ದು."

ಮುಂದೆ ನಾಲ್ಕಾರು ವರ್ಷ ಕಾಕಾ ಇದ್ದ. ಅಕ್ಕನ ಮನೆಯ ತಿಥಿಗೆ, ಸರಿಯಾದ ದಿನಕ್ಕೆ, ತಪ್ಪದೆ ಹೋದ. ಆಮೇಲೆ ಕಾಲು ಬಾತವು. ಊಟ ಬೇಡವಾಯಿತು. ನಾನೇ ರಕ್ತ ತೆಗೆದೆ, ನಾನೇ ಪರೀಕ್ಷೆ ಮಾಡಿದೆ. ಯಂತ್ರದ ಮೇಲೆ ಬಂದ ಅಂಕಿ ನಂಬಲಾಗದೆ ಮತ್ತೊಮ್ಮೆ ಮಾಡಿದೆ. ಡಾಕ್ಟರು ನೋಡಿ, ಮನೆಯವರಿಗೆ ಹೇಳಿದರೆ ಸಾಕು, ಪೇಷಂಟಿಗೆ ಬೇಡ ಅಂದರು. ಅಪ್ಪನೂ ಅವ್ವನೂ ಹಾಗೇ ಅಂದರು. ಕಾಕಾ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ.

"ಕಾಕಾ, ಎರಡೂ ಕಿಡ್ನಿ ಹೋಗ್ಯಾವ. ವಾರಕ್ಕ ಎರಡ ಸಲ ಮಶಿನ್ ಹಚ್ಚಬೇಕು. ಹಚ್ಚಿದ್ರೂ ಭಾಳ ವರ್ಷ ಅಂತ ಹೇಳಾಕ ಬರೂದಿಲ್ಲ."

ಅವನು ನನ್ನ ಮುಖ ನೋಡಿದ. "ಹೇಳಾಕ ಭಾಳ ತ್ರಾಸಾತೇನ?"

"ಆತು."

"ಆಕ್ಕೈತಿ," ಅಂದು ನನ್ನ ಕೈ ಹಿಡಿದುಕೊಂಡ. ಆ ಬೇವಿನ ಕೆಳಗೆ ನಾವು ಮಧ್ಯಾಹ್ನದ ತನಕ ಕೂತಿದ್ದೆವು. ಕೆಲಸಕ್ಕೆ ಕರೆಯಲು ಬಂದವರನ್ನು ಕಾಕಾನೇ ಹಿಂದಕ್ಕೆ ಕಳಿಸಿದ.

ಒಂದು ವರ್ಷ ಮಶಿನ್ ಹಚ್ಚಿಸಿದೆವು. ಬರಬರುತ್ತ ಅವನಿಗೂ ಸಾಕಾಯಿತು, ನಮಗೂ ಸಾಕಾಯಿತು. ಇದನ್ನು ಹೇಳಲು ನಾಚಿಕೆಯಿಲ್ಲ, ಅವನೇ ನಮಗಿಂತ ಮೊದಲು ಹೇಳಿದ್ದ. ಹನುಮಸಾಗರಕ್ಕೆ ಕರೆದುಕೊಂಡು ಹೋಗ್ರಿ ಅಂದ. ಅಲ್ಲಿ ಕೆಲವು ದಿನ ಇದ್ದು, ಒಂದು ಬೆಳಿಗ್ಗೆ ಅವ್ವ ಕೊಟ್ಟ ಚಹಾ ಅರ್ಧ ಕುಡಿದು, ಸಾಕು ಅಂತ ಕೈಸನ್ನೆ ಮಾಡಿ, ಕಣ್ಣು ಮುಚ್ಚಿದ. ಖಾನಾವಳಿ ಅಕ್ಕ ಬಂದಳು. ಅಂಗಡಿಗೆ ಬಾಗಿಲು ಹಾಕಿ ಮೂರು ದಿನ ನಮ್ಮ ಜೊತೆ ಇದ್ದು ಎಲ್ಲರಿಗೂ ಅಡುಗೆ ಮಾಡಿ ಹಾಕಿದಳು.

ಲ್ಯಾಬಿನ ಕಿಟಕಿಗೆ ಬರುವ ಜನ ರಿಪೋರ್ಟು ಕೈಗೆ ಕೊಟ್ಟ ಕೂಡಲೇ, "ಏನೈತ್ರಿ ಮೇಡಂ?" ಅಂತ ನನ್ನನ್ನೇ ಕೇಳುತ್ತಾರೆ. ಡಾಕ್ಟರು ಹೇಳಬೇಕಾದದ್ದು ಹೌದು. ಆದರೆ ಡಾಕ್ಟರ ಮುಂದೆ ಉದ್ದ ಸರದಿ, ಬಂದವರು ದೂರದ ಊರಿನವರು, ಮುಖದಲ್ಲಿ ಜೀವ ಇರುವುದಿಲ್ಲ. ಮೊದಲೆಲ್ಲ "ಏನಿಲ್ರಿ, ಡಾಕ್ಟರಿಗೆ ತೋರ್ಸ್ರಿ," ಅಂತ ಮುಂದಿನವರನ್ನು ಕರೆಯುತ್ತಿದ್ದೆ. ಈಗ ಹಾಗೆ ಮಾಡಲಾಗುತ್ತಿಲ್ಲ. ನನಗೆ ತಿಳಿದಷ್ಟನ್ನು, ತಿಳಿದ ಹಾಗೆ ಹೇಳುತ್ತೇನೆ. ಹೇಳಿ ಹೇಳಿ ಸಂಜೆಯ ಹೊತ್ತಿಗೆ ಬಾಯಿ ಒಣಗಿ, ಮನೆಯಲ್ಲಿ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ಮೊನ್ನೆ ಕುಷ್ಟಗಿ ಕಡೆಯ ಒಬ್ಬ ತಾಯಿಗೆ ಮಗಳ ರಕ್ತದಲ್ಲಿ ಏನಿದೆಯೆಂದು ಹೇಳಿದೆ. ಅವಳು ಕಾರಿಡಾರಿನ ನೆಲದ ಮೇಲೆ ಕುಸಿದಳು. ಕಿಟಕಿಯಲ್ಲಿ ಇನ್ನೊಬ್ಬರನ್ನು ಕೂರಿಸಿ ಹೊರಗೆ ಬಂದೆ. ಅವಳ ಪಕ್ಕ ಕೂತೆ, ಅವಳಾಗಿಯೇ ಎದ್ದು ನಿಲ್ಲುವ ತನಕ.