ಸಿಲುವೈ ಬಿಚ್ಚಿದ ಕೇಬಲ್

ತೇಂಗಾಪಟ್ಟಣದ ಬಂದರಿನಲ್ಲಿ ಬೋಟಿನ ವೈರ್‌ಲೆಸ್ ಕೆಟ್ಟರೆ ಜನ ಹುಡುಕುವುದು ಸಿಲುವೈಯನ್ನು. ವಯಸ್ಸು ಐವತ್ತೆಂಟು, ಮೂಗಿನ ತುದಿಯಲ್ಲಿ ಕನ್ನಡಕ, ಅಂಗಿಯ ಜೇಬಿನಲ್ಲಿ ಜಪಮಾಲೆಯ ಜೊತೆ ಟೆಸ್ಟರ್. ಸೆಟ್ ಸರಿಮಾಡಿ, ಮುಳ್ಳಿನ ಮೀಟರ್ ಹಚ್ಚಿ ನೋಡಿ, ಪಕ್ಕದ ಬೋಟಿನವನನ್ನು ಕರೆದು "ಕೇಳ್ತಿದ್ಯಾ?" ಅನ್ನುತ್ತಿದ್ದ. "ಕೇಳ್ತಿದೆ" ಅಂದರೆ ಕೆಲಸ ಮುಗಿಯಿತು. ಮೂವತ್ತು ವರ್ಷ ಹೀಗೇ ನಡೆಯಿತು. ಇಪ್ಪತ್ತು ಮಾರು ದೂರದವನಿಗೆ ಸೆಟ್ ಇಲ್ಲದೆ ಬಾಯಿಬಿಟ್ಟು ಕೂಗಿದರೂ ಕೇಳುತ್ತದೆ ಎಂಬುದು ಆ ಬಂದರಿನಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಹೊಳೆದದ್ದು ಚಂಡಮಾರುತದ ವರ್ಷ. ಗಾಳಿ ಬರುತ್ತಿದೆ ಎಂಬ ಸುದ್ದಿ ಬೋಟಿನಿಂದ ಬೋಟಿಗೆ ವೈರ್‌ಲೆಸ್ಸಿನಲ್ಲಿ ದಾಟಿತು. ಕೇಳಿಸಿಕೊಂಡವರು ತಿರುಗಿ ಬಂದರು. ಸಿಲುವೈಯ ತಮ್ಮ ಅಂತೋಣಿಯನ್ನು ಎಷ್ಟು ಕೂಗಿದರೂ ಉತ್ತರವಿಲ್ಲ. ಬೋಟೂ ಬರಲಿಲ್ಲ, ಹೆಣವೂ ಬರಲಿಲ್ಲ. ಆ ಬೋಟಿನ ವೈರ್‌ಲೆಸ್ "ಚೆನ್ನಾಗಿದೆ" ಎಂದು ಹೇಳಿ ಕಳಿಸಿದವನು ಸಿಲುವೈ. ತಪ್ಪು ತನ್ನದೋ, ಗಾಳಿಯದೋ? ಕೇಳಲು ಯಾರೂ ಇರಲಿಲ್ಲ. ಅಂದಿನಿಂದ ಆರು ವರ್ಷ, ತಮ್ಮನ ಹೆಂಡತಿ ಲೂರ್ದುಮೇರಿಯ ಮನೆಯ ಎಲ್ಲ ಕೆಲಸಕ್ಕೂ ಹೋದ, ಅಲ್ಲಿ ಒಂದು ತುತ್ತು ಅನ್ನ ಮಾತ್ರ ಉಣ್ಣಲಿಲ್ಲ.

ಈ ಪ್ರಶ್ನೆಯ ಕಾಟಕ್ಕೇ ಅವನು ಆ ವಯಸ್ಸಿನಲ್ಲಿ ವೆಕ್ಟರ್ ನೆಟ್‌ವರ್ಕ್ ಅನಲೈಜರ್ ಕೊಂಡದ್ದು. ಅಂಗೈಯಗಲದ ಪೆಟ್ಟಿಗೆ, ಅದಕ್ಕೊಂದು ಪರದೆ. ಬಂದರಿನವರು ಅದನ್ನು ವಿಎನ್‌ಎ ಎನ್ನುವ ಬದಲು "ಸಿಲುವೈಯ ಬೇಬಿ ಟೀವಿ" ಅಂದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ತಂಗಯ್ಯನ್ ಮೇಷ್ಟರ ಹತ್ತಿರ, ನಾಗರಕೋವಿಲಿಗೆ, ಶನಿವಾರ ಶನಿವಾರ ಬಸ್ಸು ಹತ್ತಿ ಹೋಗಿ ಕಲಿತ.

"ಇದು ಕೇಬಲ್ಲಿನೊಳಗೆ ಒಂದು ಅಲೆ ಕಳಿಸುತ್ತೆ. ಎಷ್ಟು ವಾಪಸ್ ಬಂತು ಅಂತ ಗೆರೆ ಎಳೆದು ತೋರಿಸುತ್ತೆ" ಎಂದರು ಮೇಷ್ಟರು. "ಆಂಟೆನಾ ಸರಿಯಿದ್ರೆ ಅಲೆ ಹೊರಗೆ ಹೋಗಿಬಿಡುತ್ತೆ, ವಾಪಸ್ ಬರಲ್ಲ, ಗೆರೆ ಕೆಳಗಿಳಿಯುತ್ತೆ."

ಅಳೆಯುವ ಮೊದಲು ಅದರ ಬಾಯಿಗೆ ಮೂರು ಸಣ್ಣ ಟೋಪಿಗಳನ್ನು ಒಂದಾದ ಮೇಲೊಂದು ತೊಡಿಸಿ, ಅದರ ಸ್ವಂತ ತಪ್ಪುಗಳನ್ನು ಅದರಿಂದಲೇ ಒಪ್ಪಿಸಬೇಕು. ಸಿಲುವೈ ಎರಡು ತಿಂಗಳು ಎಡವಿದ್ದು ಇಲ್ಲೇ. ಒಂದು ಶನಿವಾರ ನಕ್ಕು ಹೇಳಿದ: "ಈಗ ಗೊತ್ತಾಯ್ತು ಮೇಷ್ಟ್ರೇ. ಪೂಜೆಗೆ ಮುಂಚೆ ಪಾಪನಿವೇದನೆ. ತನ್ನ ಪಾಪ ಒಪ್ಕೊಂಡ ಮೇಲೇ ಇನ್ನೊಬ್ಬರ ಪಾಪ ಎಣಿಸೋದು."

"ನಿಮ್ಮೂರಿನವರಿಗೆ ಅದು ಬೇಗ ಹತ್ತಬೇಕಿತ್ತಲ್ಲಯ್ಯಾ! ಇನ್ನೊಂದು ನೆನಪಿಟ್ಕೋ. ತೀರಾ ಚೆನ್ನಾಗಿ ಕಂಡ್ರೆ ಇನ್ನೊಂದು ಸಲ ನೋಡು."

ಗೆರೆ ಇಳಿದರೆ ಒಳ್ಳೆಯದು ಎಂಬ ಮೊದಲ ಮಾತು ತಲೆಗೆ ಹೋಯಿತು. ಎರಡನೆಯದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಲೂರ್ದುಮೇರಿಯ ಒಡಹುಟ್ಟಿದ ತಮ್ಮ ಡೆನ್ಸನ್. ಅವನ ಬೋಟು ಒಂಬತ್ತು ಜನರೊಂದಿಗೆ ನಲವತ್ತು ದಿನದ ಮೀನುಬೇಟೆಗೆ ಹೊರಡುವುದಿತ್ತು. ಹೊರಡುವ ದಿನ ಬೆಳಿಗ್ಗೆ ಸಿಲುವೈ ಪೆಟ್ಟಿಗೆ ಹಚ್ಚಿದ. ಪರದೆಯ ಗೆರೆ ಈ ತುದಿಯಿಂದ ಆ ತುದಿಯವರೆಗೂ ತಳ ಹಿಡಿದು ಮಲಗಿತ್ತು.

"ಇಡೀ ಬಂದರಿನಲ್ಲೇ ಇಂಥ ಆಂಟೆನಾ ಇಲ್ಲ ಕಣೋ!" ಎಂದು ಸಿಲುವೈ ಮೀಸೆ ತಿರುವಿದ. ಡೆನ್ಸನ್ ಎಲ್ಲರನ್ನೂ ಕರೆದು ಪರದೆ ತೋರಿಸಿದ.

ಹತ್ತು ಗಂಟೆಗೆ ಫಾದರ್ ಬಂದು ಬೋಟಿಗೆ ತೀರ್ಥ ಚಿಮುಕಿಸಿದರು. ತೀರ್ಥ ಬಿದ್ದ ಬೋಟಿನಲ್ಲಿ ಮತ್ತೆ ಒಂದು ಗಂಟನ್ನೂ, ಒಂದು ತಿರುಪನ್ನೂ ಬಿಚ್ಚಬಾರದು. ಬಿಚ್ಚಿದರೆ ಕಡಲು ಬಾಯಿ ತೆರೆಯುತ್ತದೆ ಎಂದು ಅಲ್ಲಿಯವರ ನಂಬಿಕೆ.

ಆಮೇಲೆ ಸಿಲುವೈ ಪಕ್ಕದ ಹೊಸ ಬೋಟಿಗೆ ಹೋದ. ಕೇಬಲ್ ಹೊಸದು, ಆಂಟೆನಾ ಹೊಸದು. ಅಲ್ಲಿ ಗೆರೆ ಒಂದೇ ಕಡೆ ಗುಂಡಿಯ ಹಾಗೆ ಇಳಿದು, ಎರಡೂ ಬದಿಯಲ್ಲಿ ಮೇಲೆದ್ದಿತ್ತು. ಡೆನ್ಸನ್‌ನ ಹನ್ನೆರಡು ವರ್ಷದ ಹಳೆಯದು ಹೊಸದಕ್ಕಿಂತ ಚೆನ್ನಾಗಿರುವುದು ಹೇಗೆ? ಆಗ ಮೇಷ್ಟರ ಎರಡನೇ ಮಾತು ನೆನಪಿಗೆ ಬಂತು.

ಓಡಿಬಂದು ಡೆನ್ಸನ್‌ನ ಬೋಟು ಹತ್ತಿ, "ಆಂಟೆನಾ ಬಿಚ್ಚಬೇಕು" ಎಂದ.

"ತೀರ್ಥ ಬಿದ್ದಾಗಿದೆ ಅಣ್ಣಾ! ತಲೆ ಕೆಟ್ಟಿದೆಯಾ? ಬೆಳಿಗ್ಗೆ ನೀವೇ ತಾನೇ ಹೊಗಳಿದ್ದು?"

"ಬೆಳಿಗ್ಗೆ ಹೇಳಿದ್ದು ತಪ್ಪು."

ದಡದಲ್ಲಿದ್ದವರು ಸುಮ್ಮನಿರುತ್ತಾರೆಯೇ? "ಬೇಬಿ ಟೀವಿ ಕೆಟ್ಟೋಯ್ತು!" ಎಂದು ಒಬ್ಬ ಕೂಗಿದ. ಇನ್ನೊಬ್ಬ, "ಮಂತ್ರಕ್ಕಿಂತ ಉಗುಳೇ ಜಾಸ್ತಿ ಈ ಮುದುಕಂದು" ಎಂದ. ಮೂವತ್ತು ವರ್ಷದ ಹೆಸರು ಅರ್ಧ ಗಳಿಗೆಯಲ್ಲಿ ಮಣ್ಣುಪಾಲಾಯಿತು. ಸಿಲುವೈ ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯನ್ನು ಕೇಬಲ್ಲಿನ ಬುಡಕ್ಕೆ ಹಚ್ಚಿಟ್ಟು, ಕಂಬ ಹತ್ತಿ, ತುದಿಯ ಆಂಟೆನಾವನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಇಳಿದ.

"ಈಗ ನೋಡು ಗೆರೆ."

ಡೆನ್ಸನ್ ಬಾಗಿ ನೋಡಿದ. ಗೆರೆ ಕದಲಿರಲಿಲ್ಲ. ಆಂಟೆನಾ ಸಿಲುವೈಯ ಕಂಕುಳಲ್ಲಿತ್ತು, ಪರದೆ ಮಾತ್ರ ಎಲ್ಲ ಚೆನ್ನಾಗಿದೆ ಅನ್ನುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಿಲುವೈ ಕತ್ತಿಯಿಂದ ಕೇಬಲ್ ಕತ್ತರಿಸಿದ. ಒಳಗಿನಿಂದ ಉಪ್ಪುನೀರು ತೊಟ್ಟಿಕ್ಕಿತು. ತಾಮ್ರ ಕಪ್ಪಾಗಿತ್ತು.

"ಅಲೆ ವಾಪಸ್ ಬರ್ಲಿಲ್ಲ ಅಂದ್ರೆ ಹೊರಗೆ ಹೋಯ್ತು ಅಂದ್ಕೊಂಡೆ. ಈ ಕೇಬಲ್ಲೇ ನುಂಗ್ತಿತ್ತು. ನೀನು ಕೂಗಿದ್ದು ಹೊರಗೆ ಹೋಗ್ತಿರ್ಲಿಲ್ಲ, ಬೇರೆಯವರು ಕೂಗಿದ್ದು ನಿಂಗೆ ಕೇಳ್ತಿರ್ಲಿಲ್ಲ."

ದಡದಿಂದ ಕೂಗಿದವನೇ ಬೋಟು ಹತ್ತಿ ಬಂದು ಕಪ್ಪಾದ ತಾಮ್ರವನ್ನು ಮುಟ್ಟಿ ನೋಡಿದ.

ತಮ್ಮನನ್ನು ಕಳಿಸಲು ಬಂದಿದ್ದ ಲೂರ್ದುಮೇರಿ ಕಟ್ಟೆಯ ಮೇಲೆ ಮೀನಿನ ಬುಟ್ಟಿಯ ಪಕ್ಕ ನಿಂತಿದ್ದಳು. ಸಿಲುವೈ ನೀರು ಸೋರುವ ಕೇಬಲ್ ತುಂಡನ್ನು ಹಿಡಿದು ಅವಳ ಮುಂದೆ ನಿಂತ. ಆರು ವರ್ಷದ ಪ್ರಶ್ನೆಗೆ ಉತ್ತರ ಅವನ ಕೈಯಲ್ಲೇ ಇತ್ತು, ಬೆಂಕಿಯಂತೆ ಸುಡುತ್ತಿತ್ತು.

"ಮೇರಿ, ಅಂತೋಣಿ ಬೋಟಲ್ಲೂ ಇಂಥದೇ ಹಳೇ ಕೇಬಲ್ಲು. ಅವನು ಹೊಸದು ಹಾಕೋಣ ಅಂದ. ವಾಪಸ್ ಬರೋದನ್ನ ತೋರಿಸೋ ಮುಳ್ಳು ಅಲ್ಲಾಡಲೇ ಇಲ್ಲ, ಚೆನ್ನಾಗಿದೆ ಬಿಡು ಅಂದೋನು ನಾನು."

ಅವಳು ಆ ತುಂಡನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಕಣ್ಣು ತುಂಬಿತು.

"ಆವಾಗ ನಿಮಗೆ ಇದು ಗೊತ್ತಿತ್ತಾ ಭಾವ?"

"ಇಲ್ಲ."

"ಈಗ ಗೊತ್ತಲ್ಲ. ಹತ್ತಿ ಮೇಲೆ, ಹೊಸದು ಹಾಕಿ. ನನ್ನ ತಮ್ಮ ಕೂಗಿದ್ದು ನನಗೆ ಕೇಳಿಸಬೇಕು."

ಹೊಸ ಕೇಬಲ್ ಹಾಕಿದ ಮೇಲೆ ಫಾದರ್ ಎರಡನೇ ಸಲ ತೀರ್ಥ ಚಿಮುಕಿಸಿದರು. ಮಧ್ಯಾಹ್ನ ಬೋಟು ಹೊರಟಿತು. ಈ ಸಲ ಪರದೆಯ ಗೆರೆ ಒಂದೇ ಕಡೆ ಇಳಿದಿತ್ತು, ಅದೂ ಅಷ್ಟೇನೂ ಆಳಕ್ಕಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಸಿಲುವೈ ತನ್ನ ಅಂಗಡಿಯ ಸೆಟ್ಟಿನ ಮುಂದೆ ಕೂತಿದ್ದ. ಲೂರ್ದುಮೇರಿ ಬೇಯಿಸಿದ ಮರಗೆಣಸು, ಮೀನುಸಾರು ತಂದು ಪಕ್ಕದಲ್ಲಿಟ್ಟು ಬಾಗಿಲಲ್ಲೇ ನಿಂತಳು. ಮೂವತ್ತು ಮೈಲಿಯಾಚೆಯಿಂದ ಡೆನ್ಸನ್‌ನ ದನಿ ಬಂತು.

"ಸಿಲುವೈ ಅಣ್ಣಾ, ಕೇಳ್ತಿದ್ಯಾ?"

ಸಿಲುವೈ ಗುಂಡಿ ಒತ್ತಿದ. ಹಾಗೇ ಮೈಕನ್ನು ಬಾಗಿಲಲ್ಲಿದ್ದವಳತ್ತ ಚಾಚಿದ. ಲೂರ್ದುಮೇರಿ ಅವನ ಕೈಯಿಂದ ಮೈಕು ತೆಗೆದುಕೊಂಡಳು.

"ಕೇಳ್ತಿದೆ ಕಣೋ" ಎಂದಳು. ಆಮೇಲೆ ತಟ್ಟೆಯನ್ನು ಅವನತ್ತ ಸರಿಸಿದಳು. "ಇನ್ನಾದರೂ ನನ್ನ ಕೈಯದ್ದು ಉಣ್ಣಿ, ಭಾವ."

ಸಿಲುವೈ ಕೈ ತೊಳೆದು ಉಣ್ಣಲು ಕೂತ.